ಒಂದು ಬೆರಳು ದಪ್ಪ

ನವೆಂಬರ್ 6

ಏನ್ರೀ,

ಮುದುಕಿ ನಿನ್ನೆ ಮಧ್ಯಾಹ್ನ ಬಂದಿಳಿದಳು. ಅಪ್ಪ ಹನ್ನೊಂದು ವರ್ಷ ಹಾರಿಸಿದ ವಿಮಾನ. ಅದರ ಎರಡು ಎಂಜಿನ್ನುಗಳ ಸದ್ದು ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ಕೈಗೆ ಅಂಟಿದ ಗ್ರೀಸನ್ನೂ ಒರೆಸಿಕೊಳ್ಳದೆ ಹ್ಯಾಂಗರಿನ ಬಾಗಿಲಿಗೆ ಓಡಿದೆ. ಇಳಿದವರು ನೀವಲ್ಲ, ನಿಮ್ಮ ಜೊತೆಯ ಪೈಲಟ್ ಉದ್ದಣ್ಣ. ಮೊದಲು ಕಾಲು ಬಂತು, ಆಮೇಲೆ ಇನ್ನಷ್ಟು ಕಾಲು ಬಂತು, ಕೊನೆಗೆ ತಲೆ.

"ಅತ್ತಿಗೆ, ನಾನೇ ಬಂದಿರೋದು. ಬೇಜಾರು ಮಾಡ್ಕೋಬೇಡಿ" ಅಂದರು. ನನ್ನ ಮುಖ ಅಷ್ಟು ಸಣ್ಣದಾಗಿತ್ತೇನೋ.

ನೂರು ಗಂಟೆ ಹಾರಿದ ಮೇಲೆ ವಿಮಾನ ತಪಾಸಣೆಗೆ ನನ್ನ ಹತ್ತಿರ ಬರಲೇಬೇಕು. ಅದನ್ನು ನೀವೇ ತಂದರೆ ಯಾವ ನಿಯಮವೂ ಬೇಡ ಅನ್ನುವುದಿಲ್ಲ. ಸುಮ್ಮನೆ ಹೇಳಿದೆ.

ಮನೆ ಓನರಮ್ಮ ಮೊನ್ನೆ, "ನೀನು ವಿಮಾನಕ್ಕೆ ಏನು ಮಾಡ್ತೀಯಮ್ಮ?" ಎಂದು ಕೇಳಿದರು. "ಪಂಕ್ಚರ್ ಹಾಕ್ತೀನಿ" ಅಂದೆ. ನಂಬಲಿಲ್ಲ. ಕೂರಿಸಿಕೊಂಡು ವಿವರಿಸಿದೆ. ಚಳಿಯ ಮೋಡದೊಳಗೆ ಹೋದರೆ ರೆಕ್ಕೆಯ ಮುಂದಿನ ಅಂಚಿಗೆ ಐಸ್ ಕಟ್ಟುತ್ತದೆ, ಕಟ್ಟಿದರೆ ವಿಮಾನ ಭಾರವಾಗಿ, ರೆಕ್ಕೆಯ ಆಕಾರ ಕೆಟ್ಟು, ಬೀಳುತ್ತದೆ. ಅದಕ್ಕೇ ಆ ಅಂಚಿಗೆ ಉದ್ದಕ್ಕೂ ರಬ್ಬರಿನ ಪಟ್ಟಿ ಅಂಟಿಸಿರುತ್ತೇವೆ, ಬೂಟು ಅನ್ನುತ್ತೇವೆ. ಪೈಲಟ್ ಸ್ವಿಚ್ ಒತ್ತಿದರೆ ಅದರೊಳಗೆ ಗಾಳಿ ತುಂಬಿ ಉಬ್ಬುತ್ತದೆ, ಐಸ್ ಬಿರಿದು ಹಾರಿಹೋಗುತ್ತದೆ. ಎಲ್ಲ ಕೇಳಿ ಆಕೆ ಅಂದದ್ದು: "ಅಷ್ಟು ಎತ್ತರದಲ್ಲಿ ಹೋಗಿ ಬಲೂನ್ ಊದ್ತಾರಾ ನಿನ್ನ ಗಂಡ?" ನಿಮಗೆ ಬರೆಯಬೇಕು ಎಂದು ನೆನಪಿಟ್ಟುಕೊಂಡೆ.

ಬೂಟುಗಳಿಗೆ ಸೋಪಿನ ನೀರು ಹಚ್ಚಿ ಊದಿಸಿ ನೋಡಿದೆ. ಎಡಗಡೆ ಮೂರು ಕಡೆ ಗುಳ್ಳೆ ಬಂತು. ಮೂರಕ್ಕೂ ಪ್ಯಾಚ್ ಹಾಕಿದ್ದೇನೆ. ಅಲ್ಲಿ ಚಳಿ ಹೇಗಿದೆ? ಕಾಲಿಗೆ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀರೋ ಇಲ್ಲವೋ?

ನಿಮ್ಮವಳು

---

ನವೆಂಬರ್ 14

ಶ್ರೀಮತಿ ಪಂಕ್ಚರಮ್ಮನವರಿಗೆ,

ಓನರಮ್ಮನಿಗೆ ನನ್ನ ನಮಸ್ಕಾರ ಹೇಳು. ಹೌದು, ಬಲೂನ್ ಊದುವುದೇ ನನ್ನ ಕೆಲಸ. ಇಷ್ಟು ಸರಿಯಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ಎಲ್ಲ ಆರಾಮ. ರನ್‌ವೇ ಪಕ್ಕದಲ್ಲೇ ಕೋಣೆ. ಒಂದು ಮಂಚ, ಒಂದು ಸ್ಟೌವ್, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಕಿಟಕಿಯಿಂದ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಾಣುತ್ತದೆ. ಬೆಳಿಗ್ಗೆ ಎದ್ದು ಮೊದಲು ಅದರ ಮುಖ ನೋಡುತ್ತೇನೆ. ಮೊದಲು ಯಾರ ಮುಖ ನೋಡುತ್ತಿದ್ದೆ ಎಂದು ನಿನಗೆ ಗೊತ್ತು. ಗುಡ್ಡದಾಚೆಯ ಮೂರು ಊರುಗಳಿಗೆ ಔಷಧಿ, ಟಪಾಲು ಒಯ್ಯುವುದು, ಬರುವಾಗ ಕಾಯಿಲೆಯವರಿದ್ದರೆ ಕರೆತರುವುದು. ಮುದುಕಿ ತಪಾಸಣೆಗೆ ಹೋದಾಗ ಇನ್ನೊಂದು ವಿಮಾನವನ್ನು ಇಲ್ಲಿ ಯಾರಾದರೂ ಹಾರಿಸಬೇಕಲ್ಲ, ಅದಕ್ಕೇ ಉದ್ದಣ್ಣನನ್ನು ಕಳಿಸಿದೆ. ಬೇರೆ ಏನೂ ಇಲ್ಲ.

ಹವೆ ಚೆನ್ನಾಗಿದೆ. ಐಸ್ ಗೀಸ್ ಅಂಥದ್ದೇನೂ ಇಲ್ಲ. ಕಾಲುಚೀಲ ಹಾಕುತ್ತಿದ್ದೇನೆ. ಒಂದು ತೂತಾಗಿದೆ, ಇಲ್ಲಿ ಪ್ಯಾಚ್ ಹಾಕುವವರು ಯಾರೂ ಇಲ್ಲ.

ಫೋನ್ ಯಾಕೆ ಮಾಡುವುದಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಇರುವುದೊಂದು ಫೋನು, ಅದು ಗುಮಾಸ್ತರ ಮೇಜಿನ ಮೇಲೆ. ಅವರು ಕಿವಿ ನಿಮಿರಿಸಿಕೊಂಡು ಕೂತಿರುತ್ತಾರೆ. ನಾವಿಬ್ಬರೂ ಫೋನಿನಲ್ಲಿ "ಹೂಂ" ಬಿಟ್ಟರೆ ಇನ್ನೇನು ಆಡುತ್ತೇವೆ?

ಇತಿ,
ಬಲೂನಿನವನು

---

ಡಿಸೆಂಬರ್ 9

ರೀ,

ವಿಮಾನ ಬಿಡುವವರು ನನ್ನ ಹತ್ತಿರ ರೈಲು ಬಿಡಬೇಡಿ.

ಈ ಸಲವೂ ಉದ್ದಣ್ಣನೇ ಬಂದರು. ಹೋಗಲಿ, ಆ ಮಾತು ಬಿಟ್ಟೆ. ನಾನು ಮುದುಕಿಯ ಮೂಗಿನ ಪಕ್ಕ ದೀಪ ಹಿಡಿದು ನೋಡಿದೆ. ಪ್ರೊಪೆಲ್ಲರಿಗೆ ಕಟ್ಟಿದ ಐಸ್ ಬಿಸಿಗೆ ಸಡಿಲವಾಗಿ ಸಿಡಿದು ಎಲ್ಲಿ ಬಡಿಯುತ್ತದೆ ಎಂದು ನನಗೆ ನೀವು ಹೇಳಿಕೊಡಬೇಕಾಗಿಲ್ಲ. ಕಳೆದ ತಿಂಗಳು ಅಲ್ಲಿ ತಗಡಿನ ಮೇಲೆ ನಾಲ್ಕು ತಗ್ಗುಗಳಿದ್ದವು. ನಿನ್ನೆ ಒಂದೊಂದಕ್ಕೂ ಚಾಕ್‌ಪೀಸಿನಲ್ಲಿ ಸುತ್ತು ಹಾಕುತ್ತಾ ಎಣಿಸಿದೆ. ಮೂವತ್ತೊಂದು. ಎಡಗಡೆಯೇ ಹತ್ತೊಂಬತ್ತು, ಅಂದರೆ ನಿಮ್ಮ ಮಂಡಿಯ ಪಕ್ಕ. ನೀವು ಅಲ್ಲಿ ಕೂತಿದ್ದಾಗ ಆ ಸದ್ದು ಹೇಗೆ ಕೇಳಿಸಿರಬೇಕು ಎಂದು ಯೋಚಿಸಿ, ನೆಲದ ಮೇಲೆ ಸ್ವಲ್ಪ ಹೊತ್ತು ಕೂತೇಬಿಟ್ಟೆ.

"ಹವೆ ಚೆನ್ನಾಗಿದೆ" ಅಂತೆ.

ಆಮೇಲೆ ಲಾಗ್ ಪುಸ್ತಕ ತೆಗೆದೆ. ಅದನ್ನು ನೋಡುವುದು ನನ್ನ ಕೆಲಸ, ಕದ್ದು ಓದಿದೆ ಎನ್ನಬೇಡಿ. ಈ ಚಳಿಗಾಲದಲ್ಲಿ ಅರವತ್ತಮೂರು ಸಲ ಹೊರಟಿದ್ದೀರಿ, ಅರವತ್ತಮೂರು ಸಲವೂ ತಲುಪಿದ್ದೀರಿ. "ಹವೆ ಸರಿಯಿಲ್ಲದೆ ವಾಪಸ್" ಎಂದು ಒಂದೇ ಒಂದು ಸಾಲಿಲ್ಲ. ಉದ್ದಣ್ಣನ ವಿಮಾನದ ಪುಸ್ತಕ ಹೇಗಿದೆ ಎಂದು ಕೇಳಿದೆ. ಅವರು ಈ ಚಳಿಗಾಲದಲ್ಲಿ ಒಂಬತ್ತು ಸಲ ವಾಪಸ್ ಬಂದಿದ್ದಾರಂತೆ. "ಅಣ್ಣ ಬೇರೆ ಥರ, ಅತ್ತಿಗೆ. ಅವರು ತಿರುಗಿಸೋದೇ ಇಲ್ಲ" ಅಂದರು. ಹೊಗಳುತ್ತಿದ್ದಾರೋ ಹೆದರುತ್ತಿದ್ದಾರೋ ಗೊತ್ತಾಗಲಿಲ್ಲ.

ಯಾಕ್ರೀ ತಿರುಗಿಸುವುದಿಲ್ಲ? ಇದಕ್ಕೊಂದಕ್ಕೆ ತಮಾಷೆ ಮಾಡದೆ ಉತ್ತರ ಬರೆಯಿರಿ.

ಕಾಲುಚೀಲ ಮೂರು ಜೊತೆ ಕಳಿಸಿದ್ದೇನೆ.

---

ಡಿಸೆಂಬರ್ 16

ಮೂವತ್ತೊಂದಲ್ಲ, ಮೂವತ್ತೆರಡು. ಬಾಗಿಲಿನ ಕೆಳಗಿನದು ನಿನ್ನ ಚಾಕ್‌ಪೀಸಿಗೆ ಸಿಕ್ಕಿಲ್ಲ.

ತಮಾಷೆ ಅಷ್ಟೇ, ಮುಗಿಯಿತು. ಉತ್ತರ ಕೇಳು.

"ವಾಪಸ್" ಎಂದು ನಾನೂ ಒಂದು ಸಲ ಬರೆದಿದ್ದೇನೆ. ಎರಡು ವರ್ಷದ ಹಿಂದೆ. ಮಾವನವರು ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದರು, ನನ್ನ ಹೆಸರು ಹಿಡಿದು ಕೇಳುತ್ತಿದ್ದರು, ಬೇಗ ಬಾ ಎಂದು ನೀನು ಹೇಳಿಕಳಿಸಿದ್ದೆ. ಡ್ಯೂಟಿ ಮೇಲೆ ಹೋಗಿದ್ದ ಊರಿನಿಂದ ಹೊರಟೆ. ಅರ್ಧ ದಾರಿಯಲ್ಲಿ ರೆಕ್ಕೆ ಬಿಳಿಯಾಯಿತು, ಬೂಟು ಊದಿದರೂ ಪೂರ್ತಿ ಬಿಡಲಿಲ್ಲ, ತಿರುಗಿಸಿದೆ. ಮರುದಿನ ಬಂದಾಗ ಎಲ್ಲ ಮುಗಿದಿತ್ತು. ನೀನು ಅಳುತ್ತಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವಳು ತಲೆ ಎತ್ತದೆ, "ಅಪ್ಪ ಆಗಿದ್ರೆ ಬಂದಿರೋರು" ಅಂದೆ.

ನೀನು ಮರೆತಿರಬಹುದು. ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಒಂದೂವರೆ ವರ್ಷ, "ಊಟ ಆಯ್ತಾ", "ಗ್ಯಾಸ್ ಮುಗೀತು" ಇಷ್ಟರಲ್ಲೇ ಕಳೆದೆವು. ಈ ಚಳಿಯ ಜಾಗಕ್ಕೆ ನಾನೇ ಕೇಳಿ ಬಂದೆ. ನನ್ನನ್ನು ಯಾರೂ ಕಳಿಸಲಿಲ್ಲ. ಈಗಲಾದರೂ ಗೊತ್ತಿರಲಿ.

ಹೆದರಬೇಡ, ಕಣ್ಣು ಮುಚ್ಚಿಕೊಂಡು ನುಗ್ಗುತ್ತಿಲ್ಲ. ಮಾವ ಕಲಿಸಿದ ಹಾಗೇ ಮಾಡುತ್ತಿದ್ದೇನೆ. ಐಸ್ ಒಂದು ಬೆರಳು ದಪ್ಪ ಆಗುವವರೆಗೆ ಬೂಟು ಊದುವುದಿಲ್ಲ. ಬೇಗ ಊದಿದರೆ ತೆಳು ಐಸ್ ಬಿರಿಯದೆ ಚಿಪ್ಪಿನಂತೆ ಹಿಗ್ಗಿ ನಿಲ್ಲುತ್ತದೆ, ಒಳಗೆ ಬೂಟು ಎಷ್ಟು ಉಬ್ಬಿದರೂ ಪ್ರಯೋಜನವಿಲ್ಲ. ಕಾಯಬೇಕು. ಈಗಿನ ತರಗತಿಗಳಲ್ಲಿ ಬೇರೆ ಹೇಳುತ್ತಾರೆ, ಕೇಳಿದ್ದೇನೆ. ಮುದುಕಿಯ ಕೈಪಿಡಿಯಲ್ಲೂ ಹೊಸ ಹಾಳೆ ಇದೆ, ನಿನ್ನ ಸಹಿ ಇದೆ. ಆದರೆ ಅದರ ಹಿಂದೆಯೇ ಮಾವನ ಪೆನ್ಸಿಲ್ ಅಕ್ಷರ ಇರುವ ಹಳೆಯ ಹಾಳೆಯನ್ನೂ ನೀನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೀಯ. ಸಹಿ ಹಾಕುವುದು ಕೆಲಸಕ್ಕೆ. ಜೋಪಾನ ಮಾಡುವುದು ನಂಬಿಕೆಯಿಂದ. ನೀನು ಜೋಪಾನ ಮಾಡಿದ್ದನ್ನೇ ನಾನು ನಂಬಿದೆ. ನನಗೇ ಬಿಟ್ಟಿದ್ದೀಯ ಎಂದುಕೊಂಡೆ.

ಕಾಲುಚೀಲ ಬಂತು. ಬೆಚ್ಚಗಿದೆ.

---

ಡಿಸೆಂಬರ್ 20

ನಿಮ್ಮ ಕಾಗದ ಈಗ ಬಂತು. ಓಡಿಹೋಗಿ ಫೋನ್ ಮಾಡಿದೆ. ನೀವು ಹಾರಾಟದಲ್ಲಿದ್ದೀರಿ ಎಂದರು. ಗುಮಾಸ್ತರಿಗೆ ಒಂದೊಂದೇ ಪದ ಹೇಳಿ ಬರೆಸಿದ್ದೇನೆ, ಎರಡು ಸಲ ವಾಪಸ್ ಓದಿಸಿದ್ದೇನೆ: "ಹಳೆಯ ಹಾಳೆ ತಪ್ಪು. ಕಾಯಬೇಡಿ. ಐಸ್ ಕಂಡ ಕೂಡಲೇ ಬೂಟು ಹಾಕಿ, ಹಾಕುತ್ತಲೇ ಇರಿ. ಚಿಪ್ಪು ನಿಲ್ಲುವುದಿಲ್ಲ, ಮುಂದಿನ ಸಲ ಊದಿದಾಗ ಬಿರಿಯುತ್ತದೆ." "ಇನ್ನೇನಾದ್ರೂ ಇದೆಯಾಮ್ಮ?" ಅಂದರು. ಇತ್ತು. ಅದನ್ನು ಅವರ ಕೈಯಲ್ಲಿ ಬರೆಸಲಾಗಲಿಲ್ಲ.

ಆ ಹಾಳೆಯನ್ನು ನಾನು ನಿಮಗೆ ಬಿಟ್ಟಿದ್ದಲ್ಲ ರೀ. ಹೊಸ ಹಾಳೆ ಬಂದದ್ದು ಅಪ್ಪ ಹೋದ ಹನ್ನೆರಡನೆಯ ದಿನ. ಹೊಸದನ್ನು ಸೇರಿಸಿ, ಹಳೆಯದನ್ನು ಹರಿದು, ಪಟ್ಟಿಯಲ್ಲಿ ಸಹಿ ಹಾಕಬೇಕು. ಐದು ನಿಮಿಷದ ಕೆಲಸ, ನೂರು ಸಲ ಮಾಡಿದ್ದೇನೆ. ಅವತ್ತು ಆ ಹಾಳೆಯ ಅಂಚಿನಲ್ಲಿ ಅಪ್ಪನ ಕೈಬರಹ ಕಂಡಿತು. "ಒಂದು ಬೆರಳು ದಪ್ಪ ಆಗಲಿ. ಅಲ್ಲಿವರೆಗೆ ಕೈ ಕಟ್ಟಿಕೊಂಡು ಕೂರು." ಅವರು ನನಗೇ ಗದರುತ್ತಿದ್ದ ಹಾಗಿತ್ತು. ಹರಿಯಲು ಕೈ ಬರಲಿಲ್ಲ. ಮನೆಗೆ ತಂದರೆ ದಿನಾ ನೋಡಿ ಅಳುತ್ತೇನೆ ಎಂದು, ಅವರು ಕೂರುತ್ತಿದ್ದ ಜಾಗದಲ್ಲೇ ಇರಲಿ ಎಂದು ಅಲ್ಲೇ ಸಿಕ್ಕಿಸಿದೆ. ನಿಮ್ಮ ಮೇಲಿನ ನಂಬಿಕೆ, ಅಪ್ಪನ ಪಾಠ, ಯಾವುದೂ ಆಗ ತಲೆಯಲ್ಲಿರಲಿಲ್ಲ. ಒಬ್ಬ ಮೆಕ್ಯಾನಿಕ್ ಮಾಡಬಾರದ ಕೆಲಸ ಮಾಡಿದೆ. ನೀವು ಅದನ್ನು ನೆಚ್ಚಿಕೊಂಡು ಮೋಡದೊಳಗೆ ಕೈ ಕಟ್ಟಿಕೊಂಡು ಕೂತಿದ್ದಿರಿ.

ಚೀಫ್ ಸಾಹೇಬರಿಗೆ ನಾನೇ ಹೋಗಿ ಹೇಳಿದೆ. "ನೀನೇ ಬಂದು ಹೇಳಿದೆ ಅಂತ ಸುಮ್ನಿದ್ದೀನಿ" ಅಂದರು. ಒಂದು ತಿಂಗಳು ನಾನು ಯಾವ ವಿಮಾನಕ್ಕೂ ಸಹಿ ಹಾಕುವಂತಿಲ್ಲ. ಸರಿಯಾಗಿಯೇ ಇದೆ.

ಆ ಮಾತು ನಾನು ಮರೆತಿರಲಿಲ್ಲ. ಬಾಯಿಂದ ಬಿದ್ದ ಕ್ಷಣದಿಂದ ಗೊತ್ತಿತ್ತು. ನೀವು ಕೇಳಿಸಿಕೊಂಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ದಿನ ದೂಡಿದೆ. ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಮುಖವೂ ನನಗಿಲ್ಲ. ನೀವು ಮೊದಲು ಇಳಿಯಿರಿ. ಇವತ್ತು ಇಳಿದಿದ್ದೀರಿ ಎಂದು ಯಾರಾದರೂ ನನಗೆ ಹೇಳಲಿ.

---

ಜನವರಿ 2

ರೀ,

ಅವತ್ತು ಸಂಜೆ ಗುಮಾಸ್ತರೇ ಫೋನ್ ಮಾಡಿ, "ಇಳಿದ್ರಮ್ಮ, ಚೀಟಿ ಕೊಟ್ಟೆ, ಓದಿ ಜೇಬಲ್ಲಿಟ್ಕೊಂಡ್ರು" ಅಂದರು. ಅಷ್ಟೇ. ಎರಡು ವಾರವಾಯಿತು, ನಿಮ್ಮ ಕಾಗದವಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಟಪಾಲು ಕಾಯುತ್ತಿದ್ದೇನೆ. ಕೋಪವಿದ್ದರೆ ಬೈದು ಬರೆಯಿರಿ, ಬೈಗುಳವಾದರೂ ನಿಮ್ಮ ಕೈಬರಹದಲ್ಲಿ ಬರಲಿ.

ಸಹಿಯಿಲ್ಲದ ಮೆಕ್ಯಾನಿಕ್ಕಿಗೆ ಹ್ಯಾಂಗರಿನಲ್ಲಿ ಗುಡಿಸುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಬೇಗ ಮನೆಗೆ ಬರುತ್ತೇನೆ. ಮನೆ ತುಂಬ ನೀವಿಲ್ಲ. ನಿಮ್ಮ ಕಡೆಯ ದಿಂಬಿನ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟಿದ್ದೆ, ಖಾಲಿ ಕಾಣದಿರಲಿ ಎಂದು. ಬಟ್ಟೆ ಪೇರಿಸಿಟ್ಟರೆ ಇನ್ನೂ ಖಾಲಿ ಕಾಣುತ್ತದೆ.

ಹೊತ್ತು ಹೋಗದೆ ಅಪ್ಪನ ಟ್ರಂಕು ತೆಗೆದೆ. ಅವರ ಲಾಗ್ ಪುಸ್ತಕಗಳು ಹದಿನಾಲ್ಕಿವೆ. ನನಗೆ ಒಂದು ಲೆಕ್ಕ ಬೇಕಿತ್ತು: ಅಪ್ಪ ಎಷ್ಟು ಸಲ ತಿರುಗಿಸಿದ್ದರು? ಒಂದೂ ಇರುವುದಿಲ್ಲ ಎಂದುಕೊಂಡಿದ್ದೆ. ಮೂರನೆಯ ಪುಸ್ತಕ ಮುಗಿಯುವ ಹೊತ್ತಿಗೆ ಐವತ್ತೆರಡು ಆಗಿತ್ತು. ಎಣಿಸುವುದು ಬಿಟ್ಟೆ.

ಆಮೇಲೆ ನಾನು ಹುಟ್ಟಿದ ದಿನದ ಹಾಳೆ ಹುಡುಕಿದೆ. ನಿಮಗೆ ಗೊತ್ತಲ್ಲ, ಅಪ್ಪ ಎರಡು ದಿನ ತಡವಾಗಿ ಬಂದದ್ದನ್ನು ಅಮ್ಮ ಸಾಯುವವರೆಗೂ ಆಡಿಕೊಳ್ಳುತ್ತಿದ್ದಳು, ಕೆಲಸ ಬಿಟ್ಟು ಬರಲಿಲ್ಲ ಮಹಾರಾಯ ಎಂದು. ಅಪ್ಪ ನಗುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ಆ ದಿನದ ಸಾಲು ಹೀಗಿದೆ: "ಮನೆಗೆ ಹೊರಟೆ. ಅರ್ಧ ದಾರಿ. ಐಸ್. ವಾಪಸ್." ಮರುದಿನದ್ದೂ ಅದೇ. "ವಾಪಸ್."

ಅಪ್ಪ ಆಗಿದ್ದರೂ ಬರುತ್ತಿರಲಿಲ್ಲ ರೀ. ನಾನು ಹುಟ್ಟಿದಾಗಲೇ ಬರಲಿಲ್ಲ. ನಾನು ನಿಮಗೆ ಹೇಳಿದ ಮಾತು ಸುಳ್ಳು. ಸುಳ್ಳು ಎಂದು ಗೊತ್ತಿಲ್ಲದೆ ಹೇಳಿದೆ, ನೀವು ಅದನ್ನು ಬೆನ್ನಿಗೆ ಕಟ್ಟಿಕೊಂಡು ಅಷ್ಟು ಸಲ ಹಾರಿದಿರಿ.

ಒಂದು ಸಾಲು ಬರೆಯಿರಿ.

---

ಜನವರಿ 9

ಪಂಕ್ಚರಮ್ಮ,

ಕೋಪವಲ್ಲ. ಬರೆಯಲು ಕೂತಾಗಲೆಲ್ಲ ನಾಲ್ಕು ಸಾಲು ಬರೆದು ಹರಿದು ಹಾಕುತ್ತಿದ್ದೆ. ಯಾಕೆ ಎಂದು ಹೇಳುತ್ತೇನೆ, ಓದಿ ಆದ ಮೇಲೆ ಬೇಕಾದರೆ ಬೈಯಿ.

ನೀನು ಫೋನ್ ಮಾಡಿದಾಗ ನಾನು ಹಾರಾಟದಲ್ಲಿದ್ದೆ ಅಲ್ಲವೇ? ಈಗ ಹೇಳುವುದು ಆ ದಿನದ್ದೇ. ಗುಡ್ಡ ದಾಟುವಾಗ ಮೋಡ ಕವಿಯಿತು. ಮುಂದಿನ ಗಾಜು ಪೂರ್ತಿ ಮುಚ್ಚಿತು, ನನ್ನ ಎದುರಿನ ಅಂಗೈ ಅಗಲದ ಬಿಸಿ ಗಾಜಿನಲ್ಲಷ್ಟೇ ಹೊರಗಡೆ ಕಾಣುತ್ತಿತ್ತು. ರೆಕ್ಕೆಯ ಮೇಲೆ ಅರ್ಧ ಬೆರಳು ಕಟ್ಟಿತು. ಕಾದೆ. ವೇಗ ಇಳಿಯಿತು. ಮುಕ್ಕಾಲು ಬೆರಳು. ಕೈ ಕಟ್ಟಿಕೊಂಡು ಕೂರು ಎಂದು ಮಾವನ ದನಿ ಕೇಳಿಸುತ್ತಿತ್ತು. ಕಾದೆ. ಮುದುಕಿ ನಡುಗತೊಡಗಿದಳು. ಆಗ ಊದಿದೆ. ಬಲಗಡೆ ಬಿರಿಯಿತು, ಎಡಗಡೆ ಅರ್ಧ ಹಾಗೇ ಉಳಿಯಿತು. ಎರಡೂ ಎಂಜಿನ್ ಪೂರ್ತಿ ಕೊಟ್ಟರೂ ಎತ್ತರ ನಿಲ್ಲಲಿಲ್ಲ. ಕಣಿವೆಯೊಳಗೆ ಇಳಿಯುತ್ತಾ ಇಳಿಯುತ್ತಾ ಮೋಡದ ಕೆಳಗೆ ಬಂದೆ. ಅಲ್ಲಿ ಗಾಳಿ ಸ್ವಲ್ಪ ಬೆಚ್ಚಗಿತ್ತು, ಐಸ್ ತಾನಾಗಿ ಕಳಚಿತು. ಅದು ನನ್ನ ಜಾಣತನವಲ್ಲ. ಹಿಂದಿನ ಸೀಟಿನಲ್ಲಿ ಬಸುರಿ ಹೆಂಗಸು ಇದ್ದಳು. ಇಳಿದ ಮೇಲೆ ಆಕೆ, "ಇವತ್ತು ಸ್ವಲ್ಪ ಕುಲುಕ್ತು ಅಲ್ವಾ ಅಣ್ಣ?" ಅಂದಳು.

ಬೆಲ್ಟು ಬಿಚ್ಚದೆ ಅಲ್ಲೇ ಕೂತಿದ್ದೆ. ಗುಮಾಸ್ತರು ನಿನ್ನ ಚೀಟಿ ತಂದು ಕಿಟಕಿಯಲ್ಲಿ ಕೊಟ್ಟರು. ಒಂದು ಗಂಟೆ ಮೊದಲು ನಾನು ಸತ್ತಿದ್ದರೆ ನಿನಗೆ ಏನಾಗುತ್ತಿತ್ತು ಎಂದು ಆಗ ಹೊಳೆಯಿತು. ನಿನ್ನ ಒಂದು ಮಾತಿಗೆ ಉತ್ತರ ಕೊಡಲು ಹೋಗಿ, ಎಂದೂ ಇಳಿಸಲಾಗದ ಹೊರೆ ನಿನ್ನ ತಲೆಗೆ ಹೊರಿಸುತ್ತಿದ್ದೆ. ತಪ್ಪು ನಿನ್ನೊಬ್ಬಳದಲ್ಲ. ಎರಡು ಹಾಳೆ ನೋಡಿದವನು ಫೋನೆತ್ತಿ, "ಯಾವುದು ಸರಿ, ಹೇಳೇ" ಎಂದು ಕೇಳಬಹುದಿತ್ತು. ಕೇಳಿದ್ದರೆ ನೀನು ಮಾತಾಡುತ್ತಿದ್ದೆ. ಅದಕ್ಕೇ ಹೆದರಿದೆನೇನೋ.

ಮಾವನ ಎರಡು "ವಾಪಸ್" ನಾಲ್ಕು ಸಲ ಓದಿದೆ. ಅಷ್ಟು ವರ್ಷ ಅತ್ತೆಯ ಬೈಗುಳ ತಿಂದುಕೊಂಡು ನಗುತ್ತಿದ್ದರಲ್ಲ, ಎಂಥ ಮನುಷ್ಯ.

ಹದಿನೆಂಟಕ್ಕೆ ಮುದುಕಿಯ ತಪಾಸಣೆ. ಉದ್ದಣ್ಣನಿಗೆ ಹೇಳಿಬಿಟ್ಟಿದ್ದೇನೆ, ಈ ಸಲ ನಾನೇ ತರುತ್ತೇನೆ. ಹಳೆಯ ಹಾಳೆ ಕೈಪಿಡಿಯಿಂದ ತೆಗೆದು ನನ್ನ ಜೇಬಿಗೆ ಹಾಕಿಕೊಂಡಿದ್ದೇನೆ, ನಿನ್ನ ಕೈಗೆ ಕೊಡುತ್ತೇನೆ. ಮಧ್ಯಾಹ್ನದ ಊಟಕ್ಕೆ ಇರುತ್ತೇನೆ. ನಿನ್ನನ್ನು ನೋಡಬೇಕು. ಇಷ್ಟು ಬರೆಯಲು ಆರು ತಿಂಗಳು ಬೇಕಾಯಿತು ನೋಡು.

ನಿನ್ನವನು

---

ಜನವರಿ 18, ಹ್ಯಾಂಗರಿನಿಂದ

ರೀ,

ಹನ್ನೊಂದಕ್ಕೇ ಬಾಗಿಲಲ್ಲಿ ನಿಂತೆ. ಎರಡು ಡಬ್ಬಿ ತಂದಿದ್ದೆ. ಹಳದಿ ಕುಪ್ಪಸ ಹಾಕಿಕೊಂಡು ಬಂದು, ಎಲ್ಲರೂ ನೋಡುತ್ತಾರೆ ಎಂದು ಅದರ ಮೇಲೆ ಕೆಲಸದ ಕೋಟು ತೊಟ್ಟು ಗುಂಡಿ ಹಾಕಿದ್ದೆ. ಚೀಫ್ ಸಾಹೇಬರು ಸುಮ್ಮನೆ ಎರಡು ಸಲ ಆ ಕಡೆ ಬಂದು ಹೋದರು. "ಇವತ್ತಿಂದ ಸಹಿ ಹಾಕಬಹುದು" ಎಂದು ನೆಲ ನೋಡಿಕೊಂಡು ಹೇಳಿದರು.

ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಉತ್ತರದ ಕಡೆ ಮೋಡ ಬೂದಿಯ ಬಣ್ಣಕ್ಕೆ ತಿರುಗಿತ್ತು. ಯಾವ ಸದ್ದೂ ಇಲ್ಲ.

ಆಗ ಟವರಿನವರು ತಾವೇ ಮೆಟ್ಟಿಲಿಳಿದು ಬರುವುದು ಕಂಡಿತು. ಅವರು ಎಂದೂ ಇಳಿದು ಬರುವವರಲ್ಲ. ತಲೆ ತಗ್ಗಿಸಿಕೊಂಡು ಬಂದರು. ಅಷ್ಟು ದೂರ ಅವರು ನಡೆದು ಬರುವಷ್ಟು ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆ ಎಂದು ಯಾವತ್ತೂ ಕೇಳಬೇಡಿ.

"ಬೇಜಾರು ಮಾಡ್ಕೋಬೇಡಿಮ್ಮ" ಅಂದರು. "ನಿಮ್ಮೋರು ಅರ್ಧ ದಾರೀಲಿ ಐಸ್ ಸಿಕ್ತು ಅಂತ ವಾಪಸ್ ಹೋದ್ರು. ಈಗಷ್ಟೇ ಇಳಿದ್ರಂತೆ. ಇವತ್ತು ಬರಲ್ಲ."

"ಎಷ್ಟಿತ್ತಂತೆ ಐಸ್?" ಅಂದೆ.

"ಉಗುರಿನಷ್ಟೂ ಇರಲಿಲ್ವಂತೆ. ಕಂಡ ಕೂಡ್ಲೇ ಬೂಟ್ ಹಾಕಿ ತಿರುಗಿಸಿಬಿಟ್ರಂತೆ."

ನಾನು ನಕ್ಕೆ. ಆಮೇಲೆ ಅಲ್ಲೇ, ಅವರೆದುರಿಗೇ, ಅತ್ತುಬಿಟ್ಟೆ. ಅಪ್ಪ ಹೋದಾಗ ಬಾರದ ಅಳು ಇವತ್ತು ಬಂತು. ಟವರಿನವರು ಗಾಬರಿಯಾಗಿ, "ನಾಳೆ ಬರ್ತಾರೆ ಬಿಡಿಮ್ಮ" ಎಂದು ಸಮಾಧಾನ ಮಾಡತೊಡಗಿದರು. ನನಗೆ ಸಂತೋಷವಾಗಿದೆ ಎಂದರೆ ಅವರು ನಂಬಲಿಲ್ಲ. ನಿಮ್ಮ ಡಬ್ಬಿ ಅವರಿಗೆ ಕೊಟ್ಟೆ. ಪೂರ್ತಿ ಖಾಲಿ ಮಾಡಿದರು.

ಲಾಗ್ ಪುಸ್ತಕದಲ್ಲಿ ಇವತ್ತಿನ ಸಾಲು ಬರೆದಿರುತ್ತೀರಿ. ಮುದುಕಿ ಬಂದಾಗ ಮೊದಲು ಅದನ್ನೇ ಓದುತ್ತೇನೆ. ಆ ಸಾಲಿಗಾಗಿ ನಾನು ಎರಡು ವರ್ಷ ಕಾದಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ದಿಂಬಿನ ಮೇಲಿನ ಬಟ್ಟೆ ತೆಗೆದಿಟ್ಟಿದ್ದೇನೆ. ನಿಮ್ಮನ್ನು ನೋಡಬೇಕು ಎಂದು ಎಷ್ಟು ಅನ್ನಿಸುತ್ತಿದೆ ಎಂದರೆ ಬರೆಯಲು ಬರುತ್ತಿಲ್ಲ. ನಾಳೆ ಹನ್ನೊಂದಕ್ಕೆ ಮತ್ತೆ ಬಾಗಿಲಲ್ಲಿ ನಿಂತಿರುತ್ತೇನೆ, ಅದೇ ಹಳದಿ ಕುಪ್ಪಸದಲ್ಲಿ. ಮೋಡವಿದ್ದರೆ ನಾಳೆಯೂ ಬರಬೇಡಿ.

ನಿಮ್ಮವಳು